ಯಾವ ಜಗಳಕ್ಕೆ ರಾಜಿ, ಯಾವ ಜಗಳಕ್ಕೆ ಎಫ್‌ಐಆರ್?

ಪೋಸ್ಟ್ ಉದ್ದ ಆಗಿದೆ. ಪುರುಸೊತ್ತಾದಾಗ ಓದಿ, ಆದ್ರೆ ಅರ್ಧಕ್ಕೇ ನಿಲ್ಲಿಸಿ ಕಾಮೆಂಟ್ ಹಾಕಬೇಡಿ.

2025ರ ಜುಲೈ 1ರಿಂದ ಸೆಪ್ಟೆಂಬರ್ 30ರವರೆಗೆ ದೇಶದ ಕೋರ್ಟುಗಳಲ್ಲಿ ‘ರಾಷ್ಟ್ರಕ್ಕಾಗಿ ಮಧ್ಯಸ್ಥಿಕೆ’ ಅಂತ ಅಭಿಯಾನ ನಡೀತಲ್ಲ, ಗಂಡ-ಹೆಂಡತಿ ಜಗಳ, ಪಾಲು ವಿಭಾಗ, ಚೆಕ್ ಬೌನ್ಸ್, ಆಕ್ಸಿಡೆಂಟ್ ಪರಿಹಾರ ಇಂಥ ಕೇಸುಗಳನ್ನ ಮಾತಾಡಿ ಮುಗಿಸ್ಕೊಳ್ಳಿ ಅಂತ. ಅದರ ಪೋಸ್ಟರನ್ನ ಯಾರೋ ನಮ್ಮ ಒಂದು ವಾಟ್ಸಾಪ್ ಗುಂಪಿಗೆ ಹಾಕಿದ್ರು. ಹಾಕಿದ್ದೇ ತಡ, ಗುಂಪಲ್ಲೇ ಹತ್ಕೊಂತು. ಒಬ್ಬ ತಮ್ಮ ಬರೆದ, “ರಾಜಿ ಅನ್ನೋದೇ ದಲಿತರ ಬಾಯಿ ಮುಚ್ಚಿಸೋಕೆ ಹುಟ್ಟಿದ ಪದ.” ಇನ್ನೊಬ್ಬ ಹಿರಿಯರು ಬರೆದ್ರು, “ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ. ನೋಡಿಲ್ವಾ ನೀನು?” ಆ ವಾದ ಇವತ್ತಿಗೂ ಮುಗಿದಿಲ್ಲ. ಇಬ್ಬರು ಗುಂಪನ್ನೇ ಬಿಟ್ಟು ಹೋದ್ರು. ಜಗಳ ಬಗೆಹರಿಸೋದು ಹೇಗೆ ಅನ್ನೋ ವಿಷಯಕ್ಕೇ ಜಗಳ ಆಡಿ ಗುಂಪು ಬಿಡೋರು ನಾವೇ ಇರಬೇಕು.

ನನ್ನ ಪ್ರಕಾರ ಇಬ್ಬರ ಮಾತೂ ಸರಿ. ಇಬ್ಬರೂ ಬೇರೆ ಬೇರೆ ಜಗಳದ ಬಗ್ಗೆ ಮಾತಾಡ್ತಿದ್ದಾರೆ, ಅಷ್ಟೆ. ಜಗಳ ಯಾರ ಯಾರ ಮಧ್ಯೆ? “ನಂಗೆ ಒಪ್ಪಿಗೆ ಇಲ್ಲ” ಅಂತ ಹೇಳಿ ಎದ್ದು ಮನೆಗೆ ಹೋದ್ರೆ ಯಾರಿಗೆ ಏನು ನಷ್ಟ? ಇದನ್ನ ಕೇಳದೆ ರಾಜಿ ಬೇಕು, ರಾಜಿ ಬೇಡ ಅಂತ ಕಿರುಚಾಡಿ ಉಪಯೋಗ ಇಲ್ಲ.

ಮೊದಲು ಪದಗಳನ್ನ ಸರಿ ಮಾಡ್ಕೊಳ್ಳೋಣ. ನಮ್ಮ ಊರುಗಳಲ್ಲಿ ‘ನ್ಯಾಯ ಸೇರಿಸೋದು’ ಅಂದ್ರೆ ಅರಳಿಕಟ್ಟೆ ಮೇಲೆ ನಾಲ್ಕು ಜನ ಕೂತು ತೀರ್ಪು ಹೇಳೋದು. ದಂಡ ಹಾಕ್ತಾರೆ, ಕಾಲಿಗೆ ಬೀಳಿಸ್ತಾರೆ, ಕೇಳದಿದ್ರೆ ಹೊರಗಿಡ್ತಾರೆ. ಮಧ್ಯಸ್ಥಿಕೆ ಅಂದ್ರೆ ಇದಲ್ಲ. ಅಲ್ಲಿ ಮಧ್ಯ ಕೂತವರಿಗೆ ತೀರ್ಪು ಕೊಡೋ ಅಧಿಕಾರವೇ ಇಲ್ಲ. ಬೆಂಗಳೂರಿನ ನ್ಯಾಯ ದೇಗುಲದಲ್ಲಿ 2007ರಿಂದ ಹೈಕೋರ್ಟಿನ ಮಧ್ಯಸ್ಥಿಕೆ ಕೇಂದ್ರ ಇದೆ. ತರಬೇತಿ ಆದ ವಕೀಲರು ಇಬ್ಬರನ್ನೂ ಒಟ್ಟಿಗೆ ಕೂರಿಸ್ತಾರೆ, ಬೇಕಾದ್ರೆ ಒಬ್ಬೊಬ್ಬರನ್ನೇ ಬೇರೆ ಕರೆದು ಮಾತಾಡಿಸ್ತಾರೆ. ಅಲ್ಲಿ ಆಡಿದ ಮಾತನ್ನ ಆಮೇಲೆ ಕೋರ್ಟಲ್ಲಿ ಸಾಕ್ಷಿ ಮಾಡೋಹಾಗಿಲ್ಲ. ಒಪ್ಪಂದ ಆಗದಿದ್ರೆ ಫೈಲು ವಾಪಸ್ ಜಡ್ಜ್ ಹತ್ರ ಹೋಗುತ್ತೆ. ಇಬ್ಬರೂ ಒಪ್ಪಿದ್ರೆ ಮಾತ್ರ ಕಾಗದ.

ಲೋಕ ಅದಾಲತ್ ಇದಕ್ಕಿಂತ ಸ್ವಲ್ಪ ಬೇರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಅಲ್ಲಿ ಆದ ಒಪ್ಪಂದ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಅಲ್ಲಿ ಸಹಿ ಹಾಕೋಕೆ, ಹೆಬ್ಬೆಟ್ಟು ಒತ್ತೋಕೆ ಮುಂಚೆ ಪೂರ್ತಿ ಓದಿಸಿ ಕೇಳಿಸ್ಕೊಳ್ಳಿ. ನಮ್ಮವರು ಇಲ್ಲೇ ಎಡವೋದು.

ಈಗ ನಮ್ಮ ಕಡೆಯ ವಿಷಯ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಯಾವ ಕೋರ್ಟಿನ ಮುಂದೆ ಬೇಕಾದ್ರೂ ಬೆಳಿಗ್ಗೆ ಹತ್ತೂವರೆಗೆ ಹೋಗಿ ನಿಂತ್ಕೊಳ್ಳಿ. ನಮ್ಮ ಜನ ಎಷ್ಟು ಜನ ಕಾಣ್ತಾರೆ ನೋಡಿ. ಕೂಲಿ ಬಿಟ್ಟು ಬಂದಿರ್ತಾರೆ. ವಾಯಿದೆ ಬಿತ್ತು ಅಂತ ಗೊತ್ತಾಗೋದು ಮಧ್ಯಾಹ್ನ. ಒಂದಿನದ ಕೂಲಿ ಹೋಯ್ತು, ಬಸ್ ಚಾರ್ಜ್ ಹೋಯ್ತು, ವಕೀಲರ ಗುಮಾಸ್ತರಿಗೆ ಕಾಫಿ ಕಾಸು ಹೋಯ್ತು. ಎದುರುಗಡೆ ಬೆಂಚಲ್ಲಿ ಕೂತಿರೋ ಪ್ರತಿವಾದಿ ಯಾರು? ಒಡಹುಟ್ಟಿದ ಅಣ್ಣ. ಇಲ್ಲಾ ಚಿಕ್ಕಪ್ಪನ ಮಗ. ಇಬ್ಬರೂ ಒಂದೇ ಬಸ್ಸಲ್ಲಿ ಬಂದಿರ್ತಾರೆ, ಒಬ್ಬ ಮುಂದಿನ ಬಾಗಿಲು, ಒಬ್ಬ ಹಿಂದಿನ ಬಾಗಿಲು.

ಸಿದ್ದರಬೆಟ್ಟದ ಕೆಳಗಿನ ಒಂದು ಊರಿನ ಕತೆ ಹೇಳ್ತೀನಿ. ಊರಿನ ಹೆಸರು, ಮನೆಯವರ ಹೆಸರು ಬೇಡ, ಅವರ ಮಕ್ಕಳೂ ಫೇಸ್‌ಬುಕ್ಕಲ್ಲಿ ಇದ್ದಾರೆ. ಜಮೀನು 2 ಎಕರೆ 6 ಗುಂಟೆ. ಅಪ್ಪ ತೀರಿಕೊಂಡು 11 ವರ್ಷ ಆಗಿದ್ರೂ ಪಾಣಿ ಅಪ್ಪನ ಹೆಸರಲ್ಲೇ ಇತ್ತು. ಪೌತಿ ಖಾತೆ ಆಗಿಲ್ಲ, ಆದ್ದರಿಂದ ಸಾಲ ಇಲ್ಲ, ಬೆಳೆ ಪರಿಹಾರ ಇಲ್ಲ. ಬದುವಿನ ಮೇಲೆ ಒಂದು ದೊಡ್ಡ ಹುಣಸೆಮರ. ಅಣ್ಣ ತಮ್ಮ ಇಬ್ಬರಿಗೂ ಆ ಮರ ಬೇಕು. ನಮ್ಮ ಕಡೆ ಹುಣಸೆಮರ ಅಂದ್ರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ರಾಗಿ ಕೈಕೊಟ್ಟ ವರ್ಷ ಮನೆ ಸಾಕೋದು ಅದೇ. ಮರ ಬಡಿಯೋ ದಿನ ಕೈ ಕೈ ಮಿಲಾಯಿಸಿದ್ರು. ಒಬ್ಬರ ಮೇಲೊಬ್ಬರು ಕಂಪ್ಲೇಂಟು. ಸಿವಿಲ್ ಕೋರ್ಟಲ್ಲಿ ದಾವೆ. ಆರು ವರ್ಷ.

ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಿ ಆಗಿರೋ ಒಬ್ಬ ಅಕ್ಕ ಇದ್ದಾರೆ. ಅವರೂ ನಾನೂ ಭಾನುವಾರ ಭಾನುವಾರ ಐದು ಸಲ ಹೋಗಿ ಕೂತ್ವಿ. ವಕೀಲರಿಗೂ ಹೇಳಿದ್ವಿ, ಕದ್ದು ಮಾಡೋ ಕೆಲಸ ಅಲ್ಲ ಇದು. ಮೊದಲ ಎರಡು ಸಲ ಬರೀ ಮರದ ಮಾತು. ಎಷ್ಟು ಕೆಜಿ, ಯಾರು ಬಡಿಸಿದ್ದು, ಯಾವ ವರ್ಷ. ಮೂರನೇ ಸಲ ಅಕ್ಕ ತಮ್ಮನ್ನ ಬೇರೆ ಕರ್ಕೊಂಡು ಹೋಗಿ ಮಾತಾಡಿಸಿದ್ರು. ಆಗ ಅವನು ಹೇಳಿದ್ದು: “ಅವ್ವನ್ನ ತುಮಕೂರು ಆಸ್ಪತ್ರೆಲಿ ಹದಿನೆಂಟು ದಿನ ನೋಡ್ಕೊಂಡೋನು ನಾನು. ತಿಥಿ ಕಾರ್ಡಲ್ಲಿ ನನ್ನ ಹೆಸ್ರೇ ಹಾಕ್ಸಿಲ್ಲ ಅವನು.” ಅಣ್ಣ ಆಗ ಪೀಣ್ಯದಲ್ಲಿ ಕೆಲಸದಲ್ಲಿದ್ದ, ಖರ್ಚೆಲ್ಲ ಕಳಿಸಿದ್ದ, ಕಾರ್ಡ್ ಅವನ ಸ್ನೇಹಿತರು ಮಾಡಿಸಿದ್ದು. ಈ ಮಾತನ್ನ ಯಾವ ದಾವೆಯಲ್ಲಿ ಬರೀತೀರಿ? ಯಾವ ಜಡ್ಜು ಇದಕ್ಕೆ ಡಿಕ್ರಿ ಕೊಡ್ತಾರೆ? ಅಣ್ಣನಿಗೆ ಈ ಸಂಗತಿ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಅತ್ತಿಗೆ ಎದ್ದು ಕಾಫಿ ಕಾಯಿಸೋಕೆ ಹೋದ್ರು.

ಅಷ್ಟಕ್ಕೇ ಮುಗೀತು ಅಂದ್ಕೋಬೇಡಿ. ನಾಲ್ಕನೇ ಸಲ ಇನ್ನೊಂದು ತಕರಾರು. ಮಧುಗಿರಿ ಕಡೆಗೆ ಮದುವೆ ಮಾಡಿಕೊಟ್ಟ ತಂಗಿ ಇದ್ದಾಳೆ, ಅವಳನ್ನೂ ಕರೀರಿ ಅಂದ್ವಿ. ಆಗ ನೋಡಿ, ಆರು ವರ್ಷ ಮುಖ ನೋಡದ ಅಣ್ಣ ತಮ್ಮ ಒಂದಾದ್ರು! “ಅವಳಿಗೆ ಮದ್ವೆಲಿ ಎಲ್ಲಾ ಕೊಟ್ಟಾಗಿದೆ, ಅವಳ್ಯಾಕೆ?” ಅಂತ. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಬಂತು, 2005ರಲ್ಲಿ ಇಡೀ ದೇಶಕ್ಕೆ ಬಂತು, 2020ರಲ್ಲಿ ವಿನೀತಾ ಶರ್ಮಾ ಕೇಸಲ್ಲಿ ಸುಪ್ರೀಂ ಕೋರ್ಟು ಅದನ್ನ ಇನ್ನೂ ಗಟ್ಟಿ ಮಾಡ್ತು. ಅಕ್ಕ ಖಡಾಖಂಡಿತವಾಗಿ ಹೇಳಿದ್ರು: “ಅವಳು ಬರದೆ ಇದ್ರೆ ನಾನೂ ಬರಲ್ಲ.” ತಂಗಿ ಬಂದಳು. 26 ಗುಂಟೆ ಸಾಕು ಅಂದಳು, ಅಣ್ಣ ತಮ್ಮಂದಿರಿಗೆ ತಲಾ 30 ಗುಂಟೆ. ಅವಳ ಪಾಲನ್ನ ತಮ್ಮನಿಗೇ ವಾರಕ್ಕೆ ಕೊಟ್ಟಳು. ಹುಣಸೆಮರ ಒಂದು ವರ್ಷ ಅವನಿಗೆ, ಒಂದು ವರ್ಷ ಇವನಿಗೆ. ಪಾಲುಪಟ್ಟಿ ಬರೆಸಿ, 11ಇ ನಕ್ಷೆ ಮಾಡಿಸಿ, ಸಬ್ ರಿಜಿಸ್ಟ್ರಾರ್ ಹತ್ರ ನೋಂದಣಿ ಮಾಡಿಸಿದ್ವಿ. ಬಾಯಿಮಾತಿನ ಪಾಲು ಮುಂದಿನ ತಲೆಮಾರಿಗೆ ಹೊಸ ಜಗಳ ಅಷ್ಟೆ. ಗುಮಾಸ್ತನಾಗಿ ಇಷ್ಟು ವರ್ಷದಲ್ಲಿ ನಾನು ಕಲಿತಿರೋದು ಇದೊಂದೇ, ಕಾಗದ ಇಲ್ಲದ ಪ್ರೀತಿ ಪಾಣಿಗೆ ಬರಲ್ಲ.

ಇಲ್ಲಿ ಮಾತುಕತೆ ಯಾಕೆ ಕೆಲಸ ಮಾಡ್ತು? ಅಣ್ಣ ತಮ್ಮ ಇಬ್ಬರೂ ಎದ್ದು ಹೋಗಬಹುದಿತ್ತು. ಹೋದ್ರೆ ಯಾರೂ ಯಾರ ಊಟ ಕಿತ್ಕೊಳ್ತಿರಲಿಲ್ಲ. ತಂಗಿಗೆ ಮಾತ್ರ ಆ ಧೈರ್ಯ ಕಮ್ಮಿ ಇತ್ತು, ತವರಿನ ಬಾಗಿಲು ಮುಚ್ಚೋ ಭಯ ಅವಳಿಗೆ. ಅದಕ್ಕೇ ಅವಳ ಪಕ್ಕ ಅಕ್ಕ ಕೂತಿದ್ದು.

ಬಾಬಾಸಾಹೇಬರ ‘ಬುದ್ಧ ಮತ್ತು ಆತನ ಧಮ್ಮ’ ಓದಿದವರಿಗೆ ರೋಹಿಣಿ ನದಿ ಪ್ರಸಂಗ ನೆನಪಿರುತ್ತೆ. ಸಿದ್ಧಾರ್ಥ ಮನೆ ಬಿಟ್ಟಿದ್ದು ಮುದುಕನನ್ನ, ರೋಗಿಯನ್ನ, ಹೆಣವನ್ನ ನೋಡಿ ಅನ್ನೋ ಹಳೇ ಕತೆಯನ್ನ ಬಾಬಾಸಾಹೇಬರು ಒಪ್ಪಲಿಲ್ಲ. ನೀರಿನ ಜಗಳ ಅಂತಾರೆ. ಶಾಕ್ಯರಿಗೂ ಕೋಲಿಯರಿಗೂ ರೋಹಿಣಿ ನೀರಿಗೆ ಹೊಡೆದಾಟ. ಶಾಕ್ಯರ ಸಂಘದಲ್ಲಿ ಸೇನಾಪತಿ ಯುದ್ಧ ಅಂದ. ಸಿದ್ಧಾರ್ಥ ಹೇಳಿದ್ದು ಇಷ್ಟು: ನಮ್ಮಿಂದ ಇಬ್ಬರು, ಅವರಿಂದ ಇಬ್ಬರು, ಆ ನಾಲ್ವರೂ ಸೇರಿ ಐದನೆಯವರನ್ನ ಆರಿಸಲಿ, ಈ ಐವರು ಕೂತು ಬಗೆಹರಿಸಲಿ. ಆ ಸಲಹೆ ಬಹುಮತದಲ್ಲಿ ಬಿದ್ದುಹೋಯ್ತು. ಯುದ್ಧಕ್ಕೆ ಬರಲ್ಲ ಅಂದಾಗ ಸೇನಾಪತಿ ಹಾಕಿದ ಬೆದರಿಕೆ ಗಮನಿಸಿ. ನಿನ್ನ ಮನೆಯವರಿಗೆ ಸಾಮಾಜಿಕ ಬಹಿಷ್ಕಾರ ಹಾಕ್ತೀವಿ, ನಿಮ್ಮ ಜಮೀನು ಮುಟ್ಟುಗೋಲು ಹಾಕ್ಕೊಳ್ತೀವಿ. ಆಗಲೇ ಅವರು ಊರು ಬಿಟ್ಟಿದ್ದು. ಇಬ್ಬರು ಇಬ್ಬರು, ಮೇಲೆ ಇಬ್ಬರಿಗೂ ಒಪ್ಪಿಗೆಯಾದ ಒಬ್ಬರು. ಮಧ್ಯಸ್ಥಿಕೆ ಅಂದ್ರೆ ಈ ಲೆಕ್ಕ. ಮತ್ತೆ ಅದನ್ನ ಕೊಲ್ಲೋದು ಏನು ಅನ್ನೋದೂ ಅದೇ ಪ್ರಸಂಗದಲ್ಲಿ ಇದೆ. ಬಹಿಷ್ಕಾರದ ಭಯ ಇರೋ ಕಡೆ ‘ನಿನ್ನ ಒಪ್ಪಿಗೆ ಏನಪ್ಪಾ’ ಅಂತ ಕೇಳೋದು ನಾಟಕ.

ಈಗ ನಮ್ಮ ಊರುಗಳ ನಾಟಕಕ್ಕೆ ಬರೋಣ. ರಾತ್ರಿ ಹತ್ತು ಗಂಟೆ. ಕೇರಿಯ ಹುಡುಗನನ್ನ ಜಾತಿ ಹಿಡಿದು ಬೈದು ಹೊಡೆದಿದ್ದಾರೆ. ತಲೆಗೆ ಹೊಲಿಗೆ ಬಿದ್ದಿದೆ. ಸ್ಟೇಷನ್ ಮುಂದೆ ನಮ್ಮ ಹತ್ತು ಜನ. ಒಳಗೆ ಆಗಲೇ ಎದುರು ಪಾರ್ಟಿಯವರು ಕುರ್ಚಿ ಮೇಲೆ ಕೂತು ಟೀ ಕುಡೀತಿರ್ತಾರೆ. ಕಂಪ್ಲೇಂಟ್ ತಗೊಳ್ಳೋಕೆ ಮುಂಚೆ ಶುರು: “ಒಂದೇ ಊರಲ್ಲಿ ಇರೋರು, ನಾಳೆ ಮುಖ ಮುಖ ನೋಡ್ಬೇಕಲ್ಲಪ್ಪ. ಹುಡುಗ್ರು, ಕುಡಿದಿದ್ರು, ಆಗೋಯ್ತು. ಆಸ್ಪತ್ರೆ ಖರ್ಚು ಕೊಡಿಸ್ತೀವಿ. ನೀವು ಕೇಸ್ ಮಾಡಿದ್ರೆ ಅವರೂ ಕೌಂಟರ್ ಕೇಸ್ ಮಾಡ್ತಾರೆ, ನಿಮ್ ಹುಡುಗನ್ ಜೀವನ ಹಾಳಾಗುತ್ತೆ.” ಬೆಳಗಿನ ಜಾವ ಒಂದು ಮುಚ್ಚಳಿಕೆ. ಎರಡೂ ಕಡೆಯವರೂ ಇನ್ನು ಮುಂದೆ ಶಾಂತಿಯಿಂದ ಇರ್ತೀವಿ ಅಂತ. ಹೊಡೆಸಿಕೊಂಡವನೂ ಶಾಂತಿಯಿಂದ ಇರ್ತೀನಿ ಅಂತ ಬರೆದುಕೊಡಬೇಕು!

ಇದನ್ನೂ ‘ರಾಜಿ’ ಅಂತಾರೆ. ನಮ್ಮ ತಮ್ಮನಿಗೆ ಪದದ ಮೇಲೇ ಸಿಟ್ಟು ಬಂದಿರೋದು ಇದಕ್ಕೆ.

ನಾನು ಇಂಥ ಕಡೆ ಒಂದೇ ಪ್ರಶ್ನೆ ಕೇಳೋದು. ಈ ಹುಡುಗ ‘ಆಗಲ್ಲ’ ಅಂದ್ರೆ ನಾಳೆ ಬೆಳಿಗ್ಗೆ ಅವನ ಅವ್ವ ಡೈರಿಗೆ ಹಾಕೋ ಹಾಲನ್ನ ತಗೊಳ್ತಾರಾ? ಅಪ್ಪನಿಗೆ ತೋಟದಲ್ಲಿ ಕೂಲಿ ಇರುತ್ತಾ? ಹಸುವನ್ನ ಅವರ ಬೀಳಿನಲ್ಲಿ ಮೇಯೋಕೆ ಬಿಡ್ತಾರಾ? ಬೋರ್‌ವೆಲ್ಲಿಂದ ಎರಡು ಕೊಡ ನೀರು? ಅಂಗಡಿಯಲ್ಲಿ ಸಾಲ? ಇದೆಲ್ಲ ಎದುರು ಪಾರ್ಟಿಯ ಕೈಯಲ್ಲಿ ಇರೋವಾಗ ಅವನ ಸಹಿಗೆ ಏನು ಬೆಲೆ?

ಕಾನೂನೂ ಇದನ್ನೇ ಹೇಳುತ್ತೆ. 1989ರ ದೌರ್ಜನ್ಯ ತಡೆ ಕಾಯ್ದೆಯ ಅಪರಾಧಗಳು ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿ ಇಲ್ಲ. 2018ರಲ್ಲಿ ಸೇರಿಸಿದ 18ಎ ಕಲಂ ಪ್ರಕಾರ ಎಫ್‌ಐಆರ್ ಹಾಕೋಕೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಾಗಿಲ್ಲ. ಕರ್ತವ್ಯ ಮಾಡದ ಅಧಿಕಾರಿ ಮೇಲೆ 4ನೇ ಕಲಂ ಇದೆ. ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹಾಕೋದು, ಹಾಕ್ತೀವಿ ಅಂತ ಬೆದರಿಸೋದು, ಎರಡೂ 2015ರ ತಿದ್ದುಪಡಿಯಿಂದ ಪ್ರತ್ಯೇಕ ಅಪರಾಧ. 2023ರ ಮಧ್ಯಸ್ಥಿಕೆ ಕಾಯ್ದೆ ಕೂಡ ಕ್ರಿಮಿನಲ್ ಅಪರಾಧದ ವಿಚಾರಣೆ ಮಧ್ಯಸ್ಥಿಕೆಗೆ ತಕ್ಕದ್ದಲ್ಲ ಅಂತ ತನ್ನ ಮೊದಲ ಅನುಸೂಚಿಯಲ್ಲೇ ಬರೆದಿದೆ. 2011ರ ಆರುಮುಗಂ ಸೇರ್ವೈ ಕೇಸಲ್ಲಿ, ಅದೂ ತಮಿಳುನಾಡಲ್ಲಿ ಜಾತಿ ಹಿಡಿದು ಬೈದು ಹೊಡೆದ ಕೇಸೇ, ಸುಪ್ರೀಂ ಕೋರ್ಟು ಖಾಪ್ ಪಂಚಾಯ್ತಿ, ಕಟ್ಟ ಪಂಚಾಯ್ತಿಗಳು ಕಾನೂನುಬಾಹಿರ ಅಂತ ಹೇಳ್ತು. ನಮ್ಮ ಅರಳಿಕಟ್ಟೆಗೂ ಅದು ಅನ್ವಯ ಆಗುತ್ತೆ.

ಒಂದು ಮಾತು ಮುಚ್ಚಿಡೋದು ಬೇಡ. 2021ರ ಅಕ್ಟೋಬರಲ್ಲಿ ರಾಮಾವತಾರ್ ಕೇಸಲ್ಲಿ ಸುಪ್ರೀಂ ಕೋರ್ಟು, ಜಗಳ ಮೂಲತಃ ಖಾಸಗಿ ಇಲ್ಲಾ ಸಿವಿಲ್ ಸ್ವರೂಪದ್ದಾಗಿದ್ರೆ, ಒಪ್ಪಂದ ಬಲವಂತದ್ದಲ್ಲ ಅಂತ ಖಾತ್ರಿಯಾದ್ರೆ, ದೌರ್ಜನ್ಯ ಕಾಯ್ದೆಯ ಕೇಸನ್ನೂ ರದ್ದು ಮಾಡೋ ಅಧಿಕಾರ ಮೇಲಿನ ಕೋರ್ಟುಗಳಿಗೆ ಇದೆ ಅಂತ ಹೇಳಿದೆ. ಆ ಅಧಿಕಾರ ಇರೋದು ಕೋರ್ಟಿಗೆ. ಸ್ಟೇಷನ್ನಿನ ಬೆಂಚಿಗಲ್ಲ, ಎದುರು ಪಾರ್ಟಿಯ ಪರವಾಗಿ ಫೋನ್ ಮಾಡೋ ಪುಢಾರಿಗಲ್ಲ.

ದುಡ್ಡಿನ ಲೆಕ್ಕನೂ ಹೇಳ್ತೀನಿ. ಜಾತಿ ಹಿಡಿದು ನಿಂದಿಸಿದ ಪ್ರಕರಣಕ್ಕೆ 2016ರ ನಿಯಮದ ಪ್ರಕಾರ ಸರ್ಕಾರದ ಪರಿಹಾರವೇ 1 ಲಕ್ಷ ರೂಪಾಯಿ, ಎಫ್‌ಐಆರ್, ಚಾರ್ಜ್‌ಶೀಟ್, ಶಿಕ್ಷೆ ಅಂತ ಹಂತ ಹಂತವಾಗಿ. ರಾಜಿಯವರು ತಂದು ಇಡೋದು ಹತ್ತು ಸಾವಿರ. ಅದರಲ್ಲಿ ಎರಡು ಸಾವಿರ ತಂದವನಿಗೆ.

ಹಂಗಂತ ಕೋರ್ಟಿಗೆ ಹೋದ್ರೆ ನ್ಯಾಯ ಕಾದು ಕೂತಿರುತ್ತೆ ಅಂತ ಯಾರೂ ನಂಬಬೇಕಾಗಿಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. ಸಾಕ್ಷಿಗಳು ತಿರುಗಿಬಿದ್ದಿದ್ರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡೀತು. ಸಾಕ್ಷಿ ತಿರುಗಿಬೀಳೋದು ಅಂದ್ರೆ ಏನು ಅಂದ್ಕೊಂಡಿದ್ದೀರಿ? ಅದು ಯಾರ ಕಣ್ಣಿಗೂ ಬೀಳದ ಹಾಗೆ ಆಗೋ ರಾಜಿ. ಕಾಗದ ಇಲ್ಲ, ಕಟ್ಟೆ ಇಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ನಮ್ಮವರ ಗುಡಿಸಲಿಗೆ ಬೆಂಕಿ ಇಟ್ಟರು. ಹತ್ತು ವರ್ಷ ಆದಮೇಲೆ, 2024ರ ಅಕ್ಟೋಬರ್ 24ಕ್ಕೆ, ಕೊಪ್ಪಳದ ಕೋರ್ಟು 98 ಜನಕ್ಕೆ ಜೀವಾವಧಿ ಕೊಡ್ತು. ಆಮೇಲೆ ಹೈಕೋರ್ಟು, ಜಾಮೀನು ಎಲ್ಲಾ ಆಯ್ತು, ಅದು ಬೇರೆ. ಆದ್ರೆ ಆ ತೀರ್ಪು ಬಂದಿದ್ದು ಅಲ್ಲಿನ ಜನ ಹತ್ತು ವರ್ಷ ಕೇಸು ಬಿಡದೆ ನಿಂತಿದ್ದಕ್ಕೆ.

ಪಾವಗಡದವರಿಗೆ 2019ರ ಸೆಪ್ಟೆಂಬರ್ 16 ನೆನಪಿದೆ. ಪೆಮ್ಮನಹಳ್ಳಿ ಗೊಲ್ಲರಹಟ್ಟಿಗೆ ಆಗಿನ ಚಿತ್ರದುರ್ಗ ಸಂಸದ ಎ. ನಾರಾಯಣಸ್ವಾಮಿ ಅವರು ಹೋದಾಗ, ದಲಿತರು ಹಟ್ಟಿ ಒಳಗೆ ಬರೋಹಾಗಿಲ್ಲ ಅಂತ ತಡೆದ್ರು. ಅವರು ವಾಪಸ್ ಹೋದ್ರು, ಕೇಸು ಬೇಡ, ಜನರ ಮನಸ್ಸು ಬದಲಾಗಬೇಕು ಅಂದ್ರು. ದೇಶದ ಪೇಪರಲ್ಲೆಲ್ಲ ಸುದ್ದಿ ಆಯ್ತು. ಕೆಲವೇ ದಿನಕ್ಕೆ ಅದೇ ಹಟ್ಟಿಯಲ್ಲಿ ಅವರಿಗೆ ಸ್ವಾಗತ ಆಯ್ತು. ಸಂತೋಷ. ಅವರ ನಿಲುವಿನ ಬಗ್ಗೆ ನಮ್ಮಲ್ಲಿ ಎರಡು ಅಭಿಪ್ರಾಯ ಇದೆ, ಇರಲಿ. ನನ್ನ ಪ್ರಶ್ನೆ ಬೇರೆ. ಸಂಸದರ ಹಿಂದೆ ಪೊಲೀಸ್ ಇತ್ತು, ಟಿವಿ ಇತ್ತು, ಸರ್ಕಾರ ಇತ್ತು. ಅವರು ಕ್ಷಮಿಸ್ತೀನಿ ಅಂದ್ರೆ ಆ ಮಾತಿಗೆ ತೂಕ ಇತ್ತು, ಯಾಕಂದ್ರೆ ಕ್ಷಮಿಸದೇ ಇರೋ ಶಕ್ತಿಯೂ ಅವರಿಗೆ ಇತ್ತು. ಅದೇ ಹಟ್ಟಿಗೆ ಶೇಂಗಾ ಕೀಳೋಕೆ ಹೋಗೋ ನಮ್ಮ ಹೆಣ್ಣುಮಗಳು ಕ್ಷಮಿಸ್ತೀನಿ ಅಂದ್ರೆ ಅದನ್ನ ಏನಂತ ಕರೆಯೋಣ?

ಜಮೀನಲ್ಲೂ ಇದೇ ಕತೆ. ಪಿಟಿಸಿಎಲ್ ಕೇಸು ಮಧುಗಿರಿ ಎಸಿ ಕೋರ್ಟಲ್ಲಿ ನಡೀತಿರುತ್ತೆ, ಹೊರಗಡೆ ಮಧ್ಯವರ್ತಿ ನಿಂತಿರ್ತಾನೆ, ‘ಒಂದು ಅಮೌಂಟ್‌ಗೆ ಮುಗಿಸ್ಕೊಂಬಿಡಿ’ ಅಂತ. 1978ರ ಕಾಯ್ದೆ ಪ್ರಕಾರ ಮಂಜೂರಾದ ಜಮೀನನ್ನ ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡಿದ್ರೆ ಅದು ಶೂನ್ಯ. ಕಾಲಮಿತಿ ಅಡ್ಡಿ ಬರಬಾರದು ಅಂತ 2023ರಲ್ಲಿ ಹೋರಾಟ ಮಾಡಿ ತಿದ್ದುಪಡಿ ತಂದ್ವಿ. ಇಲ್ಲಿ ‘ಸೆಟ್ಲ್‌ಮೆಂಟ್’ ಅಂದ್ರೆ ಅಜ್ಜ ಒಂದ್ಸಲ ಕಳ್ಕೊಂಡಿದ್ದನ್ನ ಮೊಮ್ಮಗ ಎರಡನೇ ಸಲ ಮಾರೋದು. ಆದ್ರೆ ಅದೇ ಮಂಜೂರಾದ ಜಮೀನನ್ನ ಅಣ್ಣ ತಮ್ಮ ಪಾಲು ಮಾಡ್ಕೊಳ್ಳೋದು ಪರಭಾರೆ ಅಲ್ಲ. ಅಲ್ಲಿ ಮಾತುಕತೆ ಧಾರಾಳವಾಗಿ ಮಾಡಿ.

ಈಗ ನಮ್ಮವರ ಕಡೆ ತಿರುಗ್ತೀನಿ. ಬೇಜಾರಾದ್ರೂ ಪರವಾಗಿಲ್ಲ.

ಸಂಘಟನೆಯ ಶಾಲು ಹಾಕ್ಕೊಂಡು ‘ಪಂಚಾಯ್ತಿ’ ಮಾಡೋರು ನಮ್ಮಲ್ಲೂ ಇದ್ದಾರೆ. ಅಟ್ರಾಸಿಟಿ ಕೇಸ್ ಹಾಕಿಸೋದೂ ಅವರೇ, ತೆಗೆಸೋದೂ ಅವರೇ. ಗಂಡ-ಹೆಂಡತಿ ನ್ಯಾಯಕ್ಕೆ ಐದು ಸಾವಿರ, ಜಮೀನಿನದ್ದಾದ್ರೆ ಪರ್ಸೆಂಟೇಜು. ಒಂದು ಕೈಯಲ್ಲಿ ಬಾಬಾಸಾಹೇಬರ ಫೋಟೋ, ಇನ್ನೊಂದು ಕೈ ಮೇಜಿನ ಕೆಳಗೆ. ಇಂಥವರಿಂದ ಹತ್ತು ನಿಜವಾದ ಕೇಸು ಸುಳ್ಳು ಅಂತ ಹೆಸರು ತಗೊಳ್ಳುತ್ತೆ. ಜೊತೆಗೆ ನಮ್ಮ ಕೇರಿಯ ಯಜಮಾನಿಕೆ ನ್ಯಾಯ. ಅಲ್ಲೂ ಹೆಂಗಸು ಗೋಡೆ ಪಕ್ಕ ನಿಂತಿರಬೇಕು, ಗಂಡಸರು ಚಾಪೆ ಮೇಲೆ. ಅವಳ ಪರವಾಗಿ ಅವಳ ಅಣ್ಣ ಮಾತಾಡಬೇಕು. ದಂಡದ ದುಡ್ಡಲ್ಲಿ ರಾತ್ರಿ ಎಣ್ಣೆ. ಹೊಡೆತ ತಿಂದು ತವರಿಗೆ ಬಂದ ಹೆಣ್ಣುಮಗಳಿಗೆ ‘ಅನುಸರಿಸ್ಕೊಂಡು ಹೋಗವ್ವ’ ಅಂತ ಹೇಳಿ ವಾಪಸ್ ಕಳಿಸೋ ಕಟ್ಟೆಗೂ, ಸ್ಟೇಷನ್ನಲ್ಲಿ ‘ಒಂದೇ ಊರೋರು’ ಅನ್ನೋ ಮಾತಿಗೂ ಏನು ವ್ಯತ್ಯಾಸ? ಹೊಡೆತ ಇರೋ ಮನೆಯಲ್ಲಿ ಮೊದಲು ಅವಳು ಕ್ಷೇಮವಾಗಿ ಇರೋ ಜಾಗ ಆಗಬೇಕು. ಮಾತುಕತೆ ಆಮೇಲೆ, ಅದೂ ಅವಳು ಬೇಕು ಅಂದ್ರೆ.

ತುಮಕೂರಿನಲ್ಲಿ ರೆಡ್ಸ್ ಸಂಸ್ಥೆ ಕಟ್ಟಿದ ಎಂ.ಸಿ. ರಾಜ್ ಮತ್ತು ಜ್ಯೋತಿ ಅವರು ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ದಲಿತ ಪಂಚಾಯ್ತಿ ಅನ್ನೋ ಪ್ರಯತ್ನ ಮಾಡಿದ್ರು. ನಮ್ಮ ಜಗಳವನ್ನ ಊರಗೌಡರ ಜಗಲಿಗೆ ಒಯ್ಯೋ ಬದಲು ನಾವೇ ಕೂತು ಯಾಕೆ ಬಗೆಹರಿಸ್ಕೋಬಾರದು ಅನ್ನೋದು ಅದರಲ್ಲಿನ ಒಂದು ದೊಡ್ಡ ವಿಚಾರ. ಅದರ ಬಗ್ಗೆ ಟೀಕೆ ಏನೇ ಇರಲಿ, ಜಗಲಿ ಕೆಳಗೆ ಕೈಕಟ್ಟಿ ನಿಂತು ‘ಬುದ್ಧಿ’ ಅನ್ನೋದು ತಪ್ಪೋದೇ ಒಂದು ಬಿಡುಗಡೆ. ಅಣ್ಣ ತಮ್ಮ ಜಗಳ ಆಡಿದಾಗ ಜಗಲಿಗೆ ಹೋಗ್ತೀವಲ್ಲ, ಅದೇ ಜಗಲಿಯವರು ನಾಳೆ ನಮ್ಮ ಹುಡುಗನಿಗೆ ಹೊಡೆದಾಗ ನಾವು ಯಾರ ಹತ್ರ ಹೋಗೋದು? ಒಡೆದ ಮನೆಯನ್ನ ಆಳೋದು ಸುಲಭ ಅಂತ ಅವರಿಗೆ ಗೊತ್ತು. ನಮ್ಮೊಳಗಿನ ಜಗಳ ನಾವೇ ಬಗೆಹರಿಸ್ಕೋಬೇಕು ಅಂತ ನಾನು ಹಠ ಹಿಡಿದಿರೋದು ಇದಕ್ಕೇ.

ಇನ್ನು ಹೊಸ ಕಾಯ್ದೆ. 2021ರ ಮಸೂದೆಯಲ್ಲಿ ಕೋರ್ಟಿಗೆ ಹೋಗೋಕೆ ಮುಂಚೆ ಮಧ್ಯಸ್ಥಿಕೆ ಕಡ್ಡಾಯ ಅಂತ ಇತ್ತು. ಸಂಸದೀಯ ಸಮಿತಿ ಆಕ್ಷೇಪ ಎತ್ತಿದ ಮೇಲೆ 2023ರ ಕಾಯ್ದೆಯಲ್ಲಿ ಅದು ಸ್ವಇಚ್ಛೆಯದ್ದಾಯ್ತು. ಒಳ್ಳೇದಾಯ್ತು. ಆ ವರ್ಷ ಅಕ್ಟೋಬರಲ್ಲಿ ಕೆಲವು ಕಲಂಗಳನ್ನ ಮಾತ್ರ ಜಾರಿಗೆ ತಂದ್ರು. ನಾವು ಕಣ್ಣಿಡಬೇಕಾದ್ದು ಅದರಲ್ಲಿರೋ ‘ಸಮುದಾಯ ಮಧ್ಯಸ್ಥಿಕೆ’ ಅಧ್ಯಾಯದ ಮೇಲೆ. ಒಂದು ಪ್ರದೇಶದ ಜನರ, ಕುಟುಂಬಗಳ ನೆಮ್ಮದಿ ಕೆಡಿಸೋ ಜಗಳವನ್ನ, ಎರಡೂ ಕಡೆ ಮೊದಲೇ ಒಪ್ಪಿದ್ರೆ, ಮೂರು ಜನರ ಸಮಿತಿ ಮುಂದೆ ಇಡಬಹುದು. ಸಮಿತಿಯಲ್ಲಿ ಯಾರಿರಬಹುದು? ಸಮುದಾಯದಲ್ಲಿ ಗೌರವಾನ್ವಿತರು ಅಂತ ಇದೆ. ನಮ್ಮ ಊರಲ್ಲಿ ಗೌರವಾನ್ವಿತರು ಅಂದ್ರೆ ಯಾರು ಸ್ವಾಮಿ? ಪಟ್ಟಿ ಮಾಡೋಕೆ ಕೂತ್ರೆ ಮೊದಲ ಹತ್ತು ಹೆಸರಲ್ಲಿ ಕೇರಿಯ ಒಂದು ಹೆಸರು ಬರುತ್ತಾ? ಹೆಂಗಸರಿಗೆ, ಬೇರೆ ವರ್ಗದವರಿಗೆ ಪ್ರಾತಿನಿಧ್ಯ ಕೊಡೋದನ್ನ ಪರಿಗಣಿಸಬಹುದು ಅಂತ ಇದೆ. ‘ಬಹುದು’ಗೂ ‘ತಕ್ಕದ್ದು’ಗೂ ಇರೋ ವ್ಯತ್ಯಾಸ ಆಫೀಸಲ್ಲಿ ಕೆಲಸ ಮಾಡೋರಿಗೆ ಚೆನ್ನಾಗಿ ಗೊತ್ತು. ‘ಬಹುದು’ ಅಂದ್ರೆ ಆಗಲ್ಲ ಅಂತ.

ಇನ್ನೊಂದು ವಿಷಯ ಗಮನಿಸಿ. ಈ ಸಮುದಾಯ ಮಧ್ಯಸ್ಥಿಕೆಯಲ್ಲಿ ಆದ ಒಪ್ಪಂದವನ್ನ ಕೋರ್ಟಿನ ಡಿಕ್ರಿ ಥರ ಜಾರಿ ಮಾಡೋಕೆ ಬರಲ್ಲ. ಹಾಗಾಗಿ ಜಮೀನು ಪಾಲಿನಂಥದ್ದಕ್ಕೆ ಇದನ್ನೇ ನಂಬಿ ಕೂರಬೇಡಿ. ಕೇಸು ಆಗಲೇ ಕೋರ್ಟಲ್ಲಿ ಇದ್ರೆ ಅಲ್ಲಿಂದಲೇ ಮಧ್ಯಸ್ಥಿಕೆಗೆ ಕಳಿಸಿ ಅಂತ ವಕೀಲರಿಗೆ ಹೇಳಿ, ಇಲ್ಲಾ ನೋಂದಣಿ ಮಾಡಿಸಿ.

ಕೊರಟಗೆರೆ, ಪಾವಗಡ ಎರಡೂ ಮೀಸಲು ಕ್ಷೇತ್ರ. ಅಲ್ಲಿನ ಶಾಸಕರಿಗೆ ನಮ್ಮ ಸಂಘಟನೆಗಳು ಎಲ್ಲಾ ಸೇರಿ, ಹೌದು ಎಲ್ಲಾ ಬಣಗಳೂ ಸೇರಿ, ಒಂದು ಮನವಿ ಕೊಡಬೇಕು. ಈ ಸಮಿತಿಗಳು ರಚನೆ ಆಗೋ ಕಾಲ ಬಂದಾಗ ಜಗಳ ಆಡೋರಲ್ಲಿ ಒಂದು ಕಡೆಯವರು ಪರಿಶಿಷ್ಟರಾಗಿದ್ರೆ ಸಮಿತಿಯಲ್ಲೂ ಪರಿಶಿಷ್ಟರು ಇರಲೇಬೇಕು, ಒಬ್ಬ ಹೆಣ್ಣುಮಗಳು ಇರಲೇಬೇಕು ಅಂತ ನಿಯಮ ಬರೀಲಿ. ಜಾತಿ ನಿಂದನೆ, ಹಲ್ಲೆ, ಬಹಿಷ್ಕಾರದ ವಾಸನೆ ಇರೋ ಯಾವ ಅರ್ಜಿಯನ್ನೂ ಅಲ್ಲಿ ತಗೊಳ್ಳಬಾರದು, ನೇರ ಎಫ್‌ಐಆರ್.

‘ಎಲ್ಲಾ ಬಣಗಳೂ’ ಅಂತ ಬರೆಯೋವಾಗ ಕೈ ಸ್ವಲ್ಪ ತಡವರಿಸ್ತು. ದಲಿತ ಸಂಘರ್ಷ ಸಮಿತಿ ಎಷ್ಟು ಬಣ ಆಗಿದೆ ಅಂತ ಎಣಿಸೋ ಆಟ ನಾವು ಆಡ್ತಾನೇ ಇರ್ತೀವಿ. ಸಿದ್ಧಾಂತದ ಕಾರಣಕ್ಕೆ ಒಡೆದಿದ್ದು ಎಷ್ಟು, ವೇದಿಕೆ ಮೇಲೆ ಕುರ್ಚಿ ಸಿಗಲಿಲ್ಲ ಅಂತ ಒಡೆದಿದ್ದು ಎಷ್ಟು? ಒಳಮೀಸಲಾತಿ ವಿಷಯದಲ್ಲಿ ಎಡಗೈ ಬಲಗೈ ಅಂತ ಒಂದೇ ತಟ್ಟೆಯಲ್ಲಿ ಉಂಡವರು ಸ್ಟೇಟಸ್ಸಲ್ಲಿ ಬೈದಾಡ್ಕೊಂಡ್ರು. ಲೆಕ್ಕಾಚಾರದ ಜಗಳ ಸರ್ಕಾರದ ಹತ್ರ ಆಡೋಣ. ಆದ್ರೆ ವೈಯಕ್ತಿಕವಾಗಿ ಬಿದ್ದುಹೋದ ಮಾತುಗಳಿಗೆ ಇಬ್ಬರು ಇಬ್ಬರು ಕೂತು, ಐದನೆಯವರನ್ನ ಕರೆದು ಮಾತಾಡೋಕೆ ಏನು ಅಡ್ಡಿ? ನಮಗೇ ಆಗದಿದ್ರೆ ಕೇರಿಯವರಿಗೆ ಯಾವ ಮುಖ ಇಟ್ಕೊಂಡು ಹೇಳೋದು?

ನಾವು ಮೂರ್ನಾಲ್ಕು ಜನ ಮಾಡ್ತಿರೋ ರೀತಿ ಇಷ್ಟೇ. ಕಾಸು ತಗೊಳ್ಳಲ್ಲ, ಕಾಫಿ ಮಾತ್ರ. ಕುಡಿದು ಬಂದ್ರೆ ಆ ದಿನ ಕೂರಲ್ಲ. ಹೆಣ್ಣುಮಕ್ಕಳ ವಿಷಯ ಇದ್ರೆ ಹೆಣ್ಣುಮಗಳು ಇಲ್ಲದೆ ಕೂರಲ್ಲ. ದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿಸಲ್ಲ. ಯಾರಾದ್ರೂ ಒಬ್ಬರು ‘ಬೇಡ’ ಅಂದ್ರೆ ಕೈಮುಗಿದು ಎದ್ದು ಬರ್ತೀವಿ, ಯಾಕೆ ಅಂತ ಕೇಳಲ್ಲ. ಈವರೆಗೆ ಆಗಿದ್ದಕ್ಕಿಂತ ಆಗದೇ ಎದ್ದು ಬಂದಿದ್ದೇ ಹೆಚ್ಚು. ಅದರಲ್ಲಿ ನಾಚಿಕೆ ಏನಿಲ್ಲ.

ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟ್ ಆವರಣದಲ್ಲೇ ಇರುತ್ತೆ. ಎಸ್‌ಸಿ, ಎಸ್‌ಟಿಯವರಿಗೂ ಹೆಂಗಸರಿಗೂ ಆದಾಯ ನೋಡದೆ ಉಚಿತ ವಕೀಲರನ್ನ ಕೊಡಬೇಕು, ಅದು ಉಪಕಾರ ಅಲ್ಲ, ಕಾಯ್ದೆಯ 12ನೇ ಕಲಂ. ಸಹಾಯವಾಣಿ 15100. ನಮ್ಮ ನಾಲ್ಕು ತಾಲ್ಲೂಕಲ್ಲಿ ಮಧ್ಯಸ್ಥಿಕೆ ತರಬೇತಿ ಆಗಿರೋ ನಮ್ಮ ಸಮುದಾಯದ ವಕೀಲರು, ಅದರಲ್ಲೂ ವಕೀಲೆಯರು ಯಾರಾದ್ರೂ ಇದ್ರೆ ಕಾಮೆಂಟಲ್ಲಿ ಬೇಡ, ನನಗೆ ಮೆಸೇಜ್ ಮಾಡಿ. ಶಿರಾ ಕಡೆಯಿಂದ ಒಂದು ಹುಣಸೆಮರ, ಮಧುಗಿರಿ ಕಡೆಯಿಂದ ಎರಡು ಬದು ಕಾಯ್ತಾ ಇದಾವೆ.

ಜೈ ಭೀಮ್.